ಹೆಪಟೈಟಿಸ್ ಬಿ ಕೆಲವು ಪ್ರದೇಶಗಳಲ್ಲೇ ಏಕೆ ಹೆಚ್ಚು?

ಪ್ರಶ್ನೆ: ಕೆಲವು ಪ್ರದೇಶಗಳಲ್ಲಿ ಹೆಪಟೈಟಿಸ್ ಬಿ ಬಹಳ ವಿರಳ, ಇನ್ನು ಕೆಲವೆಡೆ ಬಹಳ ಸಾಮಾನ್ಯ ಎಂದು ಓದಿದ್ದೇನೆ. ವೈರಸ್ ಒಂದೇ ಆಗಿರುವಾಗ ಇಷ್ಟು ಅಂತರವೇಕೆ? ಯಾರಿಗೆ ಅಪಾಯ ಹೆಚ್ಚು?

ಉತ್ತರ: ಹೆಪಟೈಟಿಸ್ ಬಿ ಯಕೃತ್ತಿಗೆ ತಗಲುವ ವೈರಸ್ ಸೋಂಕು. ಕಾಮಾಲೆಯಾದವರನ್ನು ಎಣಿಸಿ ಇದರ ಪ್ರಮಾಣವನ್ನು ತಿಳಿಯಲಾಗದು, ಏಕೆಂದರೆ ಸೋಂಕಿತರಲ್ಲಿ ಬಹುಪಾಲು ಜನರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಹಾಗಾಗಿ ಆರೋಗ್ಯವಂತರಂತೆ ತೋರುವವರನ್ನೂ ಒಳಗೊಂಡು ರಕ್ತಪರೀಕ್ಷೆ ನಡೆಸಿ, ವೈರಸ್ಸಿನ ಹೊರಕವಚದ ಪ್ರೋಟೀನಾದ ಎಚ್‌ಬಿಎಸ್‌ಎಜಿ ಎಷ್ಟು ಜನರಲ್ಲಿದೆ ಎಂದು ನೋಡುತ್ತಾರೆ. ಶೇ 2ಕ್ಕಿಂತ ಕಡಿಮೆ ಜನರಲ್ಲಿದ್ದರೆ ಆ ಪ್ರದೇಶದಲ್ಲಿ ಸೋಂಕು ಕಡಿಮೆ ಎಂದೂ, ಶೇ 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ಎಂದೂ, ನಡುವಿನದನ್ನು ಮಧ್ಯಮ ಎಂದೂ ಪರಿಗಣಿಸುವುದು ವಾಡಿಕೆ. ಇಂಥ ಅಂಕಿಗಳನ್ನು ಓದುವಾಗ ಪರೀಕ್ಷೆಗೆ ಒಳಗಾದವರು ಯಾರು ಎಂಬುದನ್ನು ಮೊದಲು ಗಮನಿಸಬೇಕು. ರಕ್ತದಾನಿಗಳನ್ನಷ್ಟೇ ಪರೀಕ್ಷಿಸಿದರೆ ಪ್ರಮಾಣ ವಾಸ್ತವಕ್ಕಿಂತ ಕಡಿಮೆ ಕಾಣಬಹುದು, ಆಸ್ಪತ್ರೆಗೆ ಬಂದ ರೋಗಿಗಳನ್ನಷ್ಟೇ ಪರೀಕ್ಷಿಸಿದರೆ ಹೆಚ್ಚು ಕಾಣಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ 25.4 ಕೋಟಿ ಜನರಿಗೆ ದೀರ್ಘಕಾಲಿಕ ಹೆಪಟೈಟಿಸ್ ಬಿ ಇತ್ತು. ಅವರಲ್ಲಿ ಸುಮಾರು 9.7 ಕೋಟಿ ಜನ ಚೀನಾ ಮುಂತಾದ ದೇಶಗಳಿರುವ ಪಶ್ಚಿಮ ಪೆಸಿಫಿಕ್ ವಲಯದವರು, 6.5 ಕೋಟಿ ಜನ ಆಫ್ರಿಕಾ ವಲಯದವರು; ಉತ್ತರ ಮತ್ತು ದಕ್ಷಿಣ ಅಮೆರಿಕ ಎರಡೂ ಸೇರಿ 50 ಲಕ್ಷ ಮಾತ್ರ.

ಈ ಅಂತರದ ಮುಖ್ಯ ಕಾರಣ ಸೋಂಕು ತಗಲುವ ವಯಸ್ಸು. ವಯಸ್ಕರಿಗೆ ಸೋಂಕು ತಗಲಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಜನರಲ್ಲಿ ದೇಹವೇ ವೈರಸ್ಸನ್ನು ಹೊರಹಾಕುತ್ತದೆ. ನವಜಾತ ಶಿಶುವಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ಸೋಂಕು ತಗಲಿದ ಶಿಶುಗಳಲ್ಲಿ ಸುಮಾರು ಶೇ 95ರಷ್ಟು ಮಂದಿಯ ಯಕೃತ್ತಿನಲ್ಲಿ ಅದು ದೀರ್ಘಕಾಲ ನೆಲೆಸುತ್ತದೆ. ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ, ಅಥವಾ ಎಳವೆಯಲ್ಲೇ ಮನೆಯ ಸೋಂಕಿತರಿಂದ ಮಗುವಿಗೆ ವೈರಸ್ ದಾಟುತ್ತಿರುವ ಕಡೆ, ಹಾಗೆ ಸೋಂಕು ತಗಲಿದ ಹೆಣ್ಣುಮಕ್ಕಳು ಬೆಳೆದು ತಾಯಂದಿರಾದಾಗ ಅದು ಮುಂದಿನ ಪೀಳಿಗೆಗೂ ಹೋಗುತ್ತದೆ. ಈ ಸರಪಳಿ ತುಂಡಾದರೆ ಏನಾಗುತ್ತದೆ ಎಂಬುದಕ್ಕೆ ತೈವಾನ್ ಸಾಕ್ಷಿ. ಅಲ್ಲಿ 1984ರಲ್ಲಿ ಸೋಂಕಿತ ತಾಯಂದಿರ ಶಿಶುಗಳಿಗೆ ಲಸಿಕೆ ಆರಂಭಿಸಿ, ಬಳಿಕ ಎಲ್ಲ ಶಿಶುಗಳಿಗೂ ವಿಸ್ತರಿಸಿದರು. ಮಕ್ಕಳಲ್ಲಿ ಶೇ 10ರ ಆಸುಪಾಸಿನಲ್ಲಿದ್ದ ಸೋಂಕು ಶೇ 1ಕ್ಕಿಂತ ಕೆಳಗಿಳಿಯಿತು, ಮಕ್ಕಳ ಯಕೃತ್ತಿನ ಕ್ಯಾನ್ಸರ್ ಕೂಡ ಇಳಿಮುಖವಾಯಿತು. ಹೀಗಿದ್ದೂ 2022ರಲ್ಲಿ ಜಗತ್ತಿನ ಅರ್ಧಕ್ಕಿಂತ ಕಡಿಮೆ ಶಿಶುಗಳಿಗೆ ಮಾತ್ರ ಜನನದ ಮೊದಲ ಡೋಸ್ ಸಕಾಲದಲ್ಲಿ ಸಿಕ್ಕಿತ್ತು ಎಂಬುದು ನೋವಿನ ಸಂಗತಿ. ಹುಟ್ಟಿದ 24 ಗಂಟೆಯೊಳಗೆ ಕೊಡಬೇಕಾದ ಡೋಸ್ ಅದು.

ಸೋಂಕು ಕಡಿಮೆಯಿರುವ ಪ್ರದೇಶಗಳಲ್ಲಿ ಅಪಾಯದ ದಾರಿಗಳು ಬೇರೆ. ಅಸುರಕ್ಷಿತ ಲೈಂಗಿಕ ಸಂಪರ್ಕ, ಮಾದಕವಸ್ತು ಚುಚ್ಚಿಕೊಳ್ಳುವವರು ಹಂಚಿಕೊಳ್ಳುವ ಸೂಜಿ, ಶುದ್ಧೀಕರಿಸದ ಉಪಕರಣದಿಂದ ಹಾಕಿದ ಹಚ್ಚೆ, ಪರೀಕ್ಷಿಸದ ರಕ್ತ ಇವು ಮುಖ್ಯವಾದವು. ಡಯಾಲಿಸಿಸ್ ಪಡೆಯುವವರೂ ಸೂಜಿ ಚುಚ್ಚುವ ಅಪಾಯವಿರುವ ಆರೋಗ್ಯ ಸಿಬ್ಬಂದಿಯೂ ಎಚ್ಚರ ವಹಿಸಬೇಕು. ವೈರಸ್ ದೇಹದ ಹೊರಗೂ ಕನಿಷ್ಠ ಏಳು ದಿನ ಬದುಕಬಲ್ಲುದರಿಂದ, ಸೋಂಕಿತರಿರುವ ಮನೆಯಲ್ಲಿ ರೇಜರ್, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳಬಾರದು. ಜೊತೆಯಲ್ಲಿ ಕುಳಿತು ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ. ಆ ಭಯದಿಂದ ಯಾರನ್ನೂ ದೂರವಿಡುವುದು ಅನ್ಯಾಯ.

ಪ್ರತಿ ಗರ್ಭಿಣಿಗೂ ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಲೇಬೇಕು. ಸೋಂಕಿತರ ಮನೆಯವರೂ ಸಂಗಾತಿಯೂ ಪರೀಕ್ಷೆ ಮಾಡಿಸಿಕೊಂಡು, ಸೋಂಕೂ ಇಲ್ಲದೆ ರೋಗನಿರೋಧಕ ಶಕ್ತಿಯೂ ಬಂದಿಲ್ಲದಿದ್ದರೆ ಲಸಿಕೆ ಪಡೆಯಬೇಕು. ಈಗಾಗಲೇ ಸೋಂಕಿರುವವರಿಗೆ ಲಸಿಕೆಯಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಿರುವುದು ನಿಯಮಿತ ತಪಾಸಣೆ ಮತ್ತು ವೈದ್ಯರು ಅಗತ್ಯವೆಂದಾಗ ವೈರಸ್ ನಿಗ್ರಹಿಸುವ ಟೆನೊಫೊವಿರ್‌ನಂಥ ಮಾತ್ರೆ.