ಜನವರಿಯಿಂದ ಹಿಂದಕ್ಕೆ ಎಣಿಸಿ

ಪ್ರತಿ ವರ್ಷ ಡಿಸೆಂಬರ್ ನಡುವಿನಲ್ಲಿ, ಅಮೆರಿಕದ ಕಾಲೇಜಿನಲ್ಲಿ ನಾಟಕ ಓದಲು ಹೊರಟ ಮಕ್ಕಳ ಮನೆಗಳಿಂದ, ನನಗೆ ಒಂದೇ ಬಗೆಯ ಫೋನುಗಳು ಬರುತ್ತವೆ. "ಅಕ್ಕಾ, ಎಂಟು ಕಾಲೇಜಿನವರು ಆಡಿಷನ್‌ಗೆ ಕರೆದಿದ್ದಾರೆ. ಯಾವುದನ್ನ ಯಾವತ್ತು ಇಟ್ಕೊಳ್ಳೋದು ಅಂತಾನೇ ಗೊತ್ತಾಗ್ತಿಲ್ಲ." ದನಿಯಲ್ಲಿ ಸಂತೋಷ ಇರುತ್ತದೆ, ಅದರ ಬೆನ್ನಿಗೇ ಗಾಬರಿಯೂ ಇರುತ್ತದೆ. ನಾನು ಮೊದಲು ಕೇಳುವುದು ಕಾಲೇಜುಗಳ ಹೆಸರನ್ನಲ್ಲ. ಮಗಳ ಶಾಲೆಯಲ್ಲಿ ಜನವರಿ ಪರೀಕ್ಷೆ ಯಾವ ವಾರ, ಶಾಲೆಯ ಮ್ಯೂಸಿಕಲ್ (ಹಾಡು, ಕುಣಿತದ ನಾಟಕ) ಯಾವಾಗ, ಅದರ ರಿಹರ್ಸಲ್ ಸಂಜೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಇಷ್ಟು ಕೇಳುತ್ತೇನೆ. ಉತ್ತರ ಸಿಗುವ ಹೊತ್ತಿಗೆ ಎಂಟು ಆಡಿಷನ್‌ಗೆ ಜಾಗವಿಲ್ಲ ಎನ್ನುವುದು ಇಬ್ಬರಿಗೂ ಕಾಣುತ್ತದೆ.

ಅಮೆರಿಕದ ಕಾಲೇಜುಗಳ ನಾಟಕ ವಿಭಾಗಕ್ಕೆ ಅರ್ಜಿ ಹಾಕುವ ಹನ್ನೆರಡನೇ ತರಗತಿಯ ಮಕ್ಕಳನ್ನು ತಯಾರು ಮಾಡುವುದು ನನ್ನ ಕೆಲಸ. ನ್ಯೂಜೆರ್ಸಿಯ ಕನ್ನಡದ ಮನೆಗಳ ಮಕ್ಕಳೂ ನನ್ನಲ್ಲಿಗೆ ಬರುತ್ತಾರೆ. ಅವರ ಅಪ್ಪ ಅಮ್ಮಂದಿರಿಗೆ ಎಂಜಿನಿಯರಿಂಗ್ ಅಡ್ಮಿಷನ್ ಹೇಗೆ ನಡೆಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಅಲ್ಲಿ ಅರ್ಜಿ ಕಳಿಸಿದ ಮೇಲೆ ಕಾಯುವುದಷ್ಟೇ. ನಾಟಕದಲ್ಲಿ ಅರ್ಜಿ ಹೋದ ಮೇಲೆಯೇ ನಿಜವಾದ ಓಡಾಟ ಶುರುವಾಗುತ್ತದೆ. ಅದಕ್ಕೆ ಬೇಕಾದ ದಿನಗಳನ್ನು ಆಗಸ್ಟ್‌ನಲ್ಲೇ ಎತ್ತಿಡದಿದ್ದರೆ ಡಿಸೆಂಬರ್‌ನಲ್ಲಿ ಯಾರಿಂದಲೂ ಹುಟ್ಟಿಸಲಾಗುವುದಿಲ್ಲ.

ಇಷ್ಟೊಂದು ಕಡೆ ಅರ್ಜಿ ಯಾಕೆ ಹಾಕಬೇಕು ಎಂದು ತಂದೆಯರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಸೀಟು ಕಡಿಮೆ, ಅದೇ ಕಾರಣ. ನ್ಯೂಯಾರ್ಕ್‌ನ ಕಲಾಶಾಲೆ ಜೂಲಿಯಾರ್ಡ್‌ನ ನಟನಾ ವಿಭಾಗ ಬಿಎಫ್‌ಎ (ಲಲಿತಕಲೆಯ ಪದವಿ), ಎಂಎಫ್‌ಎ (ಸ್ನಾತಕೋತ್ತರ ಪದವಿ) ಎರಡೂ ಸೇರಿ ವರ್ಷಕ್ಕೆ ತೆಗೆದುಕೊಳ್ಳುವುದು ಇಪ್ಪತ್ತರ ಆಸುಪಾಸು. 1914ರಲ್ಲಿ ಶುರುವಾದ, ನಾಟಕಕ್ಕೆ ಅಮೆರಿಕದಲ್ಲಿ ಮೊದಲು ಪದವಿ ಕೊಟ್ಟ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ನಾಟಕ ಶಾಲೆಯಲ್ಲೂ ಒಂದು ಬ್ಯಾಚಿನ ನಟರನ್ನು ಒಂದು ಕೋಣೆಯಲ್ಲಿ ಕೂರಿಸಬಹುದು. ಹಾಗಾಗಿ ಮಕ್ಕಳು ಹತ್ತು, ಹದಿನೈದು ಕಡೆ ಅರ್ಜಿ ಹಾಕುತ್ತಾರೆ. ಆದರೆ ಎಲ್ಲ ಕಡೆಯೂ ಆಡಿಷನ್ ಇರಲೇಬೇಕೆಂದಿಲ್ಲ. ಬಿಎಫ್‌ಎ ಪದವಿಗೆ ಬಹುತೇಕ ಆಡಿಷನ್ ಉಂಟು, ಬಿಎ ಪದವಿಗೆ ಅನೇಕ ಕಡೆ ಇಲ್ಲ. ನಾರ್ತ್‌ವೆಸ್ಟರ್ನ್‌ನಂಥ ಹೆಸರಾಂತ ನಾಟಕ ವಿಭಾಗಕ್ಕೇ ಪ್ರವೇಶಕ್ಕೆ ಆಡಿಷನ್ ಬೇಕಿಲ್ಲ. ಪಟ್ಟಿಯಲ್ಲಿ ಇಂಥ ಮೂರು ನಾಲ್ಕು ಕಾಲೇಜು ಇದ್ದರೆ ಅಷ್ಟು ದಿನ ಉಳಿಯಿತು. ಅವು ಕಡಿಮೆ ದರ್ಜೆಯವು ಎಂದು ಭಾವಿಸುವುದು ತಪ್ಪು.

ಈಗ ಹಿಂದಕ್ಕೆ ಎಣಿಸೋಣ. ಆಡಿಷನ್‌ಗಳ ಭರಾಟೆ ಜನವರಿ ಕೊನೆಯಿಂದ ಫೆಬ್ರವರಿ ತನಕ. ಅಲ್ಲಿಗೆ ಕರೆ ಬರಬೇಕಾದರೆ ಅನೇಕ ಕಡೆ ಮೊದಲು ಪ್ರೀಸ್ಕ್ರೀನ್ ದಾಟಬೇಕು, ಅಂದರೆ ಮನೆಯಲ್ಲೇ ಚಿತ್ರೀಕರಿಸಿ ಕಳಿಸುವ ವಿಡಿಯೋ. ಅದರ ಗಡುವು ಹೆಚ್ಚಾಗಿ ನವೆಂಬರ್ 1ರಿಂದ ಡಿಸೆಂಬರ್ 1ರ ನಡುವೆ. ಅದಕ್ಕೆ ಮುಂಚೆ ಚಿತ್ರೀಕರಣಕ್ಕೆ ಎರಡು ವಾರಾಂತ್ಯ ಬೇಕು. ಒಂದೇ ಸಾಕು ಎನ್ನುವವರಿಗೆ ಆ ವಾರವೇ ನೆಗಡಿ ಬರುತ್ತದೆ. ಅದಕ್ಕೂ ಮುಂಚೆ ಹಾಡು, ಮೊನೊಲಾಗ್ (ನಾಟಕದಲ್ಲಿ ಒಬ್ಬರೇ ಆಡುವ ಮಾತು) ಮೈಗೂಡಲು ಎರಡು ತಿಂಗಳು. ಎಣಿಸಿದರೆ ಆಗಸ್ಟ್‌ಗೆ ಬಂದು ನಿಲ್ಲುತ್ತೇವೆ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್ ತೆರೆಯುವುದೂ ಆಗಸ್ಟ್ 1ಕ್ಕೇ.

ಮ್ಯೂಸಿಕಲ್ ಥಿಯೇಟರ್‌ನವರಿಗೆ ಒಂದು ಅನುಕೂಲ ಇದೆ. ಹಿಂದೆ ಒಂದೊಂದು ಕಾಲೇಜು ಒಂದೊಂದು ಅಳತೆಯ ಹಾಡು, ಒಂದೊಂದು ಅಳತೆಯ ಮೊನೊಲಾಗ್ ಕೇಳುತ್ತಿತ್ತು. ಈಗ ಕಾಮನ್ ಪ್ರೀಸ್ಕ್ರೀನ್ ಎಂಬ ಸಮಾನ ಮಾದರಿಯನ್ನು ಹಲವು ಕಾಲೇಜುಗಳು ಒಪ್ಪಿಕೊಂಡಿವೆ. ಒಮ್ಮೆ ಸರಿಯಾಗಿ ಚಿತ್ರೀಕರಿಸಿದರೆ ಅದೇ ವಿಡಿಯೋ ನಾಲ್ಕಾರು ಕಡೆಗೆ ಆಗುತ್ತದೆ. ಆದರೂ ಪ್ರತಿ ಕಾಲೇಜಿನ ಪುಟವನ್ನು ಆ ವರ್ಷವೇ ಓದಿ. ಹೋದ ವರ್ಷ ಅಕ್ಕ ಹಾಕಿದ್ದ ಅರ್ಜಿಯ ಟಿಪ್ಪಣಿ ನೋಡಿ ತಮ್ಮನಿಗೆ ಹಾಡು ಆರಿಸಬೇಡಿ.

ಇನ್ನು, ಮನೆಯವರು ಎಡವುವ ಜಾಗ. ಕೆಲವು ಕಾಲೇಜುಗಳು ಪ್ರೀಸ್ಕ್ರೀನ್ ಫಲಿತಾಂಶ ಹೇಳಿದ ಮೇಲೆ ಸ್ಲಾಟ್ ಆರಿಸಲು ಬಿಡುತ್ತವೆ. ಇನ್ನು ಕೆಲವು ಅಕ್ಟೋಬರ್‌ನ ಅರ್ಜಿಯಲ್ಲೇ ಯಾವ ಊರಿನಲ್ಲಿ, ಯಾವ ದಿನ ಬೇಕು ಎಂದು ಕೇಳಿಬಿಡುತ್ತವೆ. ಕರೆ ಬರುವುದೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಹುಡುಗ ಒಂದೊಂದು ಅರ್ಜಿಯನ್ನು ಬೇರೆ ಬೇರೆಯಾಗಿ ತುಂಬುತ್ತಾನೆ. ಎಲ್ಲದರಲ್ಲೂ ಮೊದಲು ಕಂಡ ಶನಿವಾರವನ್ನೇ ಒತ್ತುತ್ತಾನೆ. ಒಂದು ದೊಡ್ಡ ಕಾಗದದ ಕ್ಯಾಲೆಂಡರನ್ನು ಗೋಡೆಗೆ ಅಂಟಿಸಿ, ಪರೀಕ್ಷೆ, ನಾಟಕ, ಪ್ರಯಾಣ ಎಲ್ಲ ಬರೆದು, ಅದನ್ನು ನೋಡಿಯೇ ತುಂಬಲಿ. ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇನೆಂದು ಒಪ್ಪಿ ಮುಂಚಿತವಾಗಿ, ಹಾಕುವವರಿಗೆ ಇದೆಲ್ಲ ಇನ್ನೂ ಮುಂಚೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಲಾಶಾಲೆ ಟಿಶ್‌ಗೆ ನವೆಂಬರ್ 1ರ ಗಡುವಿನಲ್ಲಿ ಹಾಕಿದವರಿಗೆ ಡಿಸೆಂಬರ್ ಮಧ್ಯಕ್ಕೆ ಉತ್ತರ ಬರುವುದರಿಂದ ಆಡಿಷನ್ ಶರತ್ಕಾಲದಲ್ಲೇ ಮುಗಿದಿರಬೇಕು.

ನ್ಯಾಷನಲ್ ಯೂನಿಫೈಡ್ ಆಡಿಷನ್ಸ್ ಎನ್ನುವುದನ್ನು ಕೆಲವರಾದರೂ ಕೇಳಿರುತ್ತೀರಿ. ಹಲವು ಕಾಲೇಜುಗಳು ಒಟ್ಟಾಗಿ ನ್ಯೂಯಾರ್ಕ್, ಚಿಕಾಗೋ, ಲಾಸ್ ಏಂಜಲೀಸ್‌ಗಳಲ್ಲಿ ಬಂದು ಕೂರುತ್ತವೆ. ಒಂದೇ ಊರಿನಲ್ಲಿ ಮೂರು ನಾಲ್ಕು ದಿನದಲ್ಲಿ ಆರೇಳು ಕಾಲೇಜು ಮುಗಿಸಬಹುದು, ಪ್ರಯಾಣದ ಖರ್ಚೂ ಉಳಿಯುತ್ತದೆ. ಮನೆಯವರು ಅಲ್ಲಿ ಮಾಡುವ ಲೆಕ್ಕ ಹೀಗಿರುತ್ತದೆ: ಆಡಿಷನ್ ಹತ್ತೇ ನಿಮಿಷ, ದಿನಕ್ಕೆ ನಾಲ್ಕು ಸಲೀಸು. ಈ ಲೆಕ್ಕವನ್ನು ಒಮ್ಮೆ ನಾನೂ ಮಾಡಿದ್ದೆ.

ಕೆಲವು ವರ್ಷಗಳ ಹಿಂದೆ ಚಿಕಾಗೋದಲ್ಲಿ ಒಬ್ಬ ಹುಡುಗಿಗೆ ಬೆಳಿಗ್ಗೆ 10.15ಕ್ಕೆ ಒಂದು, 11.30ಕ್ಕೆ ಇನ್ನೊಂದು ಸ್ಲಾಟ್ ಇತ್ತು. ಒಂದೂಕಾಲು ಗಂಟೆ ಧಾರಾಳ ಎಂದು ಆ ದಿನಚರಿಗೆ ಒಪ್ಪಿಗೆ ಕೊಟ್ಟವಳು ನಾನೇ. ಮೊದಲನೆಯ ಕಡೆ ಚೆನ್ನಾಗಿ ಮಾಡಿದಳು, ಅವರು 11ಕ್ಕೇ ಡ್ಯಾನ್ಸ್ ಕಾಲ್‌ಬ್ಯಾಕ್‌ಗೆ, ಅಂದರೆ ಕುಣಿತ ನೋಡುವ ಮುಂದಿನ ಸುತ್ತಿಗೆ, ಬಾ ಎಂದರು. ಒಳ್ಳೆಯ ಸುದ್ದಿಯೇ ತೊಡಕಾಯಿತು. ಓಡಿಹೋಗಿ ಎರಡನೆಯ ಕಡೆ ಬೇಡಿಕೊಂಡಳು, ಅವರು ಕರುಣೆಯಿಂದ ಸಂಜೆ ಐದಕ್ಕೆ ಹಾಕಿಕೊಟ್ಟರು. ನಡುವೆ ಮಧ್ಯಾಹ್ನದ್ದು ಒಂದಿತ್ತು. ಊಟಕ್ಕೆ ಸಮಯ ಸಿಗಲಿಲ್ಲ. ಐದಕ್ಕೆ ಹಾಡುವಾಗ ಮೇಲಿನ ಸ್ವರ ಬಿರುಕು ಬಿಟ್ಟಿತು. ಎರಡೂ ಕಡೆ ಅವಳಿಗೆ ಸೀಟು ಸಿಗಲಿಲ್ಲ. ಆ ಒಂದು ದಿನವೇ ಅದಕ್ಕೆ ಕಾರಣ ಎಂದು ಹೇಳಲಾರೆ. ಆದರೆ ಅವಳ ಅತ್ಯುತ್ತಮವನ್ನು ಎರಡನೆಯ ಕಾಲೇಜು ನೋಡಲೇ ಇಲ್ಲ, ಅದಕ್ಕೆ ನನ್ನ ಲೆಕ್ಕ ಕಾರಣ.

ಅಂದಿನಿಂದ ದಿನಕ್ಕೆ ಎರಡೇ. ಡ್ಯಾನ್ಸ್ ಕಾಲ್ ಇದ್ದ ದಿನ ಒಂದೇ. ಎರಡರ ನಡುವೆ ಕನಿಷ್ಠ ಮೂರು ಗಂಟೆ. ಹಾಡುವ ಮಕ್ಕಳಿಗೆ ಬೆಳಿಗ್ಗೆ 9ರ ಸ್ಲಾಟ್ ಸಿಕ್ಕರೆ 6ಕ್ಕೆ ಎದ್ದು ಗಂಟಲು ಬಿಚ್ಚಬೇಕು, ಹಾಗಾಗಿ 10.30ರ ನಂತರದ್ದು ಇದ್ದರೆ ಅದನ್ನೇ ಹಿಡಿಯಿರಿ. ಕೊನೆಯ ದಿನದ ಮಧ್ಯಾಹ್ನ ಏನನ್ನೂ ಇಡದೆ ಬಿಡಿ, ಕಾಲ್‌ಬ್ಯಾಕ್ ಬಂದರೆ ನಿಲ್ಲಲು ಜಾಗ ಬೇಕು. ವಿಮಾನದ ಟಿಕೆಟ್ಟೂ ಅದಕ್ಕೆ ತಕ್ಕ ಹಾಗೆ. ಚಳಿಗಾಲದ ಚಿಕಾಗೋಗೆ ಹಿಂದಿನ ದಿನವೇ ತಲುಪಿ. 2019ರ ಜನವರಿ 30ರಂದು ಅಲ್ಲಿನ ತಾಪಮಾನ ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದು ಎಷ್ಟೋ ವಿಮಾನಗಳು ರದ್ದಾಗಿದ್ದವು.

ಯಾವುದು ಮೊದಲು ಎನ್ನುವುದರಲ್ಲಿ ನನಗೆ ಖಚಿತ ಅಭಿಪ್ರಾಯ ಇದೆ. ಮಗು ಅತ್ಯಂತ ಆಸೆಪಟ್ಟ ಕಾಲೇಜನ್ನು ಮೊದಲ ಆಡಿಷನ್ ಮಾಡಬೇಡಿ, ಕೊನೆಯದ್ದೂ ಮಾಡಬೇಡಿ. ಮೊದಲನೆಯದರಲ್ಲಿ ಕಾಲು ನಡುಗುತ್ತದೆ, ಆರನೆಯದರಲ್ಲಿ ಮೊನೊಲಾಗ್ ಬಾಯಿಪಾಠವಾಗಿ ಜೀವ ಕಳೆದುಕೊಂಡಿರುತ್ತದೆ. ಮೂರನೆಯದು ನನ್ನ ಅನುಭವದಲ್ಲಿ ಒಳ್ಳೆಯ ಜಾಗ. ಹಾಗೆಂದು ಮೊದಲನೆಯದನ್ನು ಬರೀ ಅಭ್ಯಾಸಕ್ಕೆಂದು ಇಡುವುದೂ ಸರಿಯಲ್ಲ. ಎದುರಿಗೆ ಕೂತ ಅಧ್ಯಾಪಕರಿಗೆ ಅದು ತಿಳಿಯುತ್ತದೆ. ಸೀಟು ಸಿಕ್ಕರೆ ಸಂತೋಷದಿಂದ ಹೋಗುವ ಕಾಲೇಜೇ ಅದಾಗಿರಲಿ.

ದಿನಾಂಕ ಬದಲಿಸಬೇಕಾದರೆ ಮೇಲ್ ಬರೆಯಬೇಕಾದವರು ಮಕ್ಕಳು. ಅಮ್ಮ ಬರೆಯುವುದು ಬೇಡ, ಮಕ್ಕಳ ಹೆಸರಿನಲ್ಲಿ ಅಪ್ಪ ಬರೆಯುವುದಂತೂ ಬೇಡವೇ ಬೇಡ. ಆ ವಿಭಾಗದ ಆಡಿಷನ್ ನೋಡಿಕೊಳ್ಳುವವರಿಗೆ ನಾಲ್ಕು ಸಾಲು ಸಾಕು: ಹೆಸರು, ಈಗಿರುವ ಸ್ಲಾಟ್, ತೊಡಕೇನು, ಬದಲಿಗೆ ಬರಲಾಗುವ ಎರಡು ದಿನ. ಇನ್ನೊಂದು ಕಾಲೇಜಿನ ಆಡಿಷನ್ ಅಡ್ಡ ಬಂದಿದೆ ಎಂದು ಹೇಳಲು ಹೆದರುತ್ತಾರೆ. ಹೆದರಬೇಕಿಲ್ಲ, ಮಕ್ಕಳು ಹಲವು ಕಡೆ ಹೋಗುತ್ತಾರೆಂದು ಅವರಿಗೂ ಗೊತ್ತು. ತೊಡಕು ಕಂಡ ದಿನವೇ ಬರೆದರೆ ಬಹಳಷ್ಟು ಸಲ ಜಾಗ ಸಿಗುತ್ತದೆ. ಹಿಂದಿನ ರಾತ್ರಿ ಬರೆದರೆ ಅವರಿಗೂ ಕೈ ಕಟ್ಟಿದ ಹಾಗೆ.

ಕರ್ನಾಟಕದಿಂದಲೇ ಅರ್ಜಿ ಹಾಕುವವರಿಗೆ ಕೊರೊನಾ ನಂತರ ಆನ್‌ಲೈನ್ ಆಡಿಷನ್ ದೊಡ್ಡ ಉಪಕಾರ ಮಾಡಿದೆ. ಆದರೆ ಗಡಿಯಾರ ಮೋಸ ಮಾಡುತ್ತದೆ. ಚಳಿಗಾಲದಲ್ಲಿ ನ್ಯೂಯಾರ್ಕ್‌ಗಿಂತ ಬೆಂಗಳೂರು ಹತ್ತೂವರೆ ಗಂಟೆ ಮುಂದೆ, ಚಿಕಾಗೋಗಿಂತ ಹನ್ನೊಂದೂವರೆ, ಲಾಸ್ ಏಂಜಲೀಸ್‌ಗಿಂತ ಹದಿಮೂರೂವರೆ. ಚಿಕಾಗೋದ ಮಧ್ಯಾಹ್ನ 2 ಗಂಟೆ ಅಂದರೆ ಬೆಂಗಳೂರಿನಲ್ಲಿ ನಡುರಾತ್ರಿ ದಾಟಿ 1.30, ತಾರೀಖೂ ಮರುದಿನದ್ದು. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದರಿಂದ ಅಕ್ಟೋಬರ್‌ನಲ್ಲಿ ಮಾಡಿದ ಲೆಕ್ಕ ನವೆಂಬರ್‌ಗೆ ತಪ್ಪುತ್ತದೆ. ಜಯನಗರದ ಒಬ್ಬ ಹುಡುಗನಿಗೆ ಇಂಥ ಒಂದೂವರೆಯ ಸ್ಲಾಟ್ ಬಂದಿತ್ತು, ಅವನ ಮೊನೊಲಾಗ್‌ನಲ್ಲಿ ಅಪ್ಪನ ಮೇಲೆ ಕೂಗಾಡಬೇಕು. ಪಕ್ಕದ ಕೋಣೆಯಲ್ಲಿ ಮಲಗಿದ್ದ ತಾತನನ್ನು ನೆನೆದು ದನಿ ತಗ್ಗಿಸಿಕೊಂಡೇ ಅಭ್ಯಾಸ ಮಾಡುತ್ತಿದ್ದ. ನಾವು ಮೇಲ್ ಬರೆಸಿ ಚಿಕಾಗೋದ ಬೆಳಿಗ್ಗೆ 9ರ ಸ್ಲಾಟ್ ಕೇಳಿದೆವು. ಬೆಂಗಳೂರಿಗೆ ಅದು ರಾತ್ರಿ 8.30, ಸರಿಯಾಗಿ ಊಟಕ್ಕೆ ಮುಂಚೆ. ಕೊಟ್ಟರು. ಬೇರೆ ದೇಶದಲ್ಲಿದ್ದೇನೆ ಎಂಬ ಕಾರಣವನ್ನು ಅವರು ಅರ್ಥ ಮಾಡಿಕೊಳ್ಳುತ್ತಾರೆ, ಕೇಳಬೇಕಷ್ಟೆ.

ಬಹುತೇಕ ಫಲಿತಾಂಶ ಏಪ್ರಿಲ್ 1ರ ಹೊತ್ತಿಗೆ ಬರುತ್ತದೆ, ಸೀಟು ಒಪ್ಪಿಕೊಳ್ಳಲು ಸಾಮಾನ್ಯವಾಗಿ ಮೇ 1ರವರೆಗೆ ಸಮಯ. ಆ ಒಂದು ತಿಂಗಳಲ್ಲಿ ಎರಡು ವಾರಾಂತ್ಯವನ್ನು ಈಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿಡಿ. ಸೀಟು ಕೊಟ್ಟ ಕಾಲೇಜಿಗೆ ಹೋಗಿ ಅಲ್ಲಿನ ಎರಡನೇ ವರ್ಷದವರ ನಟನಾ ತರಗತಿಯಲ್ಲಿ ಒಂದು ಗಂಟೆ ಕೂತು ಬರಲಿ. ಅದಕ್ಕೆ ವಿಭಾಗದವರ ಅನುಮತಿ ಬೇಕು. ಆ ಮೇಲನ್ನೂ ಮಕ್ಕಳೇ ಬರೆಯಲಿ.