ಖಾಲಿ ಕಚೇರಿಯನ್ನು ಕೆಡವುವ ಮುನ್ನ ಕಾಂಕ್ರೀಟನ್ನು ಪರೀಕ್ಷಿಸಿ

ಕಾಂಕ್ರೀಟ್ ಕಟ್ಟಡದ ಆಯುಷ್ಯ ಐವತ್ತು ವರ್ಷ, ಆಮೇಲೆ ಅದು ಕೆಡವಲಿಕ್ಕಷ್ಟೇ ಲಾಯಕ್ಕು ಎಂಬ ಮಾತನ್ನು ನಮ್ಮಲ್ಲಿ ಮೇಸ್ತ್ರಿಗಳೂ ಹೇಳುತ್ತಾರೆ, ಆಸ್ತಿ ವ್ಯವಹಾರದವರೂ ಹೇಳುತ್ತಾರೆ. ಕೋವಿಡ್ ನಂತರ ಅನೇಕ ದೇಶಗಳ ನಗರಗಳಲ್ಲಿ ಕಚೇರಿಗಳು ಖಾಲಿ ಬಿದ್ದು, ಅದೇ ನಗರಗಳಲ್ಲಿ ವಾಸಕ್ಕೆ ಮನೆಯಿಲ್ಲದೆ ಜನ ಪರದಾಡುತ್ತಿರುವಾಗ, ಆ ಕಚೇರಿಗಳನ್ನೇ ಮನೆಗಳನ್ನಾಗಿ ಮಾರ್ಪಡಿಸಬಾರದೇಕೆ ಎಂಬ ಪ್ರಶ್ನೆಗೆ ಮೊದಲು ಎದುರಾಗುವ ಉತ್ತರವೂ ಇದೇ. ಯೂರೋಪಿನ ಮಾನಕಗಳಲ್ಲಿ ಸಾಮಾನ್ಯ ಕಟ್ಟಡಕ್ಕೆ ಐವತ್ತು ವರ್ಷದ ವಿನ್ಯಾಸಾವಧಿ ಎಂದು ಬರೆದಿರುವುದು ನಿಜ. ಆದರೆ ಅಷ್ಟು ಕಾಲ ದೊಡ್ಡ ದುರಸ್ತಿಯ ಅಗತ್ಯ ಬೀಳದಂತೆ ವಿನ್ಯಾಸ ಮಾಡಿರಬೇಕು ಎಂಬುದಷ್ಟೇ ಅದರ ತಾತ್ಪರ್ಯ. ಐವತ್ತೊಂದನೆಯ ವರ್ಷಕ್ಕೆ ಕಟ್ಟಡ ಸತ್ತಿತೆಂದು ಯಾವ ಎಂಜಿನಿಯರೂ ಅಲ್ಲಿ ಬರೆದಿಲ್ಲ.

ಈ ತಪ್ಪು ತಿಳಿವಳಿಕೆಯ ಬೇರು ಇನ್ನೊಂದು ತಪ್ಪು ತಿಳಿವಳಿಕೆಯಲ್ಲಿದೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆಂದು ಬಹಳ ಜನ ನಂಬಿದ್ದಾರೆ. ಒಣಗಿ ಗಟ್ಟಿಯಾಗುವುದಾದರೆ ಕ್ಯೂರಿಂಗ್ ಎಂದು ದಿನಗಟ್ಟಲೆ ನೀರು ಹೊಡೆಯುವುದೇಕೆ? ಸಿಮೆಂಟಿನ ಕಣಗಳು ನೀರಿನೊಡನೆ ರಾಸಾಯನಿಕವಾಗಿ ಕೂಡಿ, ಕ್ಯಾಲ್ಸಿಯಂ ಮತ್ತು ಸಿಲಿಕೇಟುಗಳ ಒಂದು ಅಂಟನ್ನು ಹುಟ್ಟಿಸಿ, ಆ ಅಂಟು ಮರಳು ಜಲ್ಲಿಗಳನ್ನು ಹಿಡಿದಿಡುತ್ತದೆ. ನಾವು ಶಕ್ತಿಯನ್ನು ಅಳೆಯುವುದು ಇಪ್ಪತ್ತೆಂಟನೆಯ ದಿನ; ಆದರೆ ತೇವ ಸಿಕ್ಕಷ್ಟು ಕಾಲ ಆ ಕ್ರಿಯೆ ನಿಧಾನವಾಗಿ ಮುಂದುವರಿಯುತ್ತಲೇ ಇರುತ್ತದೆ. ಆದ್ದರಿಂದ ಹಳೆಯ ಕಾಂಕ್ರೀಟ್ ತಾನು ಹೊಸದಾಗಿದ್ದಾಗಿನದಕ್ಕಿಂತ ಗಟ್ಟಿಯಾಗಿರುವುದು ಅಪರೂಪವೇನಲ್ಲ.

ಅಮೆರಿಕದ ಸಿನ್ಸಿನಾಟಿಯಲ್ಲಿ 1903ರಲ್ಲಿ ಹದಿನಾರು ಮಹಡಿಯ ಇಂಗಲ್ಸ್ ಕಟ್ಟಡ ಮುಗಿಯಿತು. ಉಕ್ಕಿನ ಸರಳು ಹಾಕಿದ ಕಾಂಕ್ರೀಟಿನಲ್ಲಿ ಎದ್ದ ಜಗತ್ತಿನ ಮೊದಲ ಗಗನಚುಂಬಿ ಅದು. ಆಸರೆಗಳನ್ನು ತೆಗೆದ ರಾತ್ರಿ ಕಟ್ಟಡ ಕುಸಿದೀತೆಂದು ಪತ್ರಕರ್ತನೊಬ್ಬ ನಿದ್ದೆಗೆಟ್ಟು ಕಾದಿದ್ದನೆಂಬ ಕಥೆಯೂ ಇದೆ. ಆ ಕಟ್ಟಡ ಇಂದಿಗೂ ನಿಂತಿದೆ. ಅದೇ, 1974ರಲ್ಲಿ ಲಂಡನ್ನಿನ ಸ್ಟೆಪ್ನಿಯ ಶಾಲೆಯೊಂದರ ಈಜುಕೊಳದ ಮಾಡು ಕುಸಿದಾಗ ಅದು 1960ರ ದಶಕದಲ್ಲಷ್ಟೇ ಕಟ್ಟಿದ್ದಾಗಿತ್ತು. ಬೇಗ ಗಟ್ಟಿಯಾಗುತ್ತದೆಂದು ಅಲ್ಲಿ ಬಳಸಿದ್ದ ಹೈ ಅಲ್ಯುಮಿನಾ ಸಿಮೆಂಟ್, ಬೆಚ್ಚಗಿನ ತೇವದಲ್ಲಿ ಹರಳಿನ ಸ್ವರೂಪವನ್ನೇ ಬದಲಿಸಿಕೊಂಡು ಶಕ್ತಿ ಕಳೆದುಕೊಂಡಿತ್ತು. ನೂರು ದಾಟಿದ್ದು ನಿಂತಿದೆ, ಎಳೆಯದು ಬಿದ್ದಿದೆ. ಕಟ್ಟಿದ ಇಸವಿ ನೋಡಿ ತೀರ್ಪು ಕೊಡುವ ಅಭ್ಯಾಸವನ್ನು ನಾವು ಬಿಡಲೇಬೇಕು.

ಹಾಗಾದರೆ ನಿಜವಾಗಿ ಮುಪ್ಪಾಗುವುದು ಯಾವುದು? ಒಳಗಿನ ಉಕ್ಕು. ಹೊಸ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಸುಣ್ಣದ ತಿಳಿ ತುಂಬಿದ್ದು, ಅದರ ಪಿಎಚ್ 12.5ಕ್ಕಿಂತ ಹೆಚ್ಚಿರುತ್ತದೆ. ಅಷ್ಟು ಕ್ಷಾರದ ನಡುವೆ ಸರಳಿನ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಬೆಳೆದು ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ರಂಧ್ರಗಳ ಮೂಲಕ ಒಳನುಗ್ಗಿ ಆ ಸುಣ್ಣವನ್ನು ಮತ್ತೆ ಸುಣ್ಣಕಲ್ಲಾಗಿಸುತ್ತಾ ಬರುತ್ತದೆ. ಪಿಎಚ್ ಒಂಬತ್ತರ ಆಸುಪಾಸಿಗೆ ಇಳಿದ ಮೇಲೆ ಪೊರೆ ಉಳಿಯುವುದಿಲ್ಲ. ತುಕ್ಕಿಗೆ ಉಕ್ಕಿಗಿಂತ ಎರಡು ಮೂರು ಪಟ್ಟು ಹೆಚ್ಚು ಜಾಗ ಬೇಕಾಗುವುದರಿಂದ ಅದು ಮೇಲಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಹಳೆಯ ಬಾಲ್ಕನಿಗಳ ಅಡಿಯಲ್ಲಿ ಕಾಣುವ ಕೆಂಪು ಸರಳುಗಳ ಕಥೆ ಇದು.

ಈ ಅನಿಲದ ದಂಡಯಾತ್ರೆ ಕಾಲ ಕಳೆದಂತೆ ನಿಧಾನವಾಗುತ್ತಾ ಹೋಗುತ್ತದೆ ಎಂಬುದು ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿ. ಬಾವಿ ತೋಡುವವರಿಗೆ ಆಳ ಹೆಚ್ಚಿದಷ್ಟೂ ಒಂದೊಂದು ಬುಟ್ಟಿ ಮಣ್ಣನ್ನು ಮೇಲೆತ್ತುವ ದೂರ ಹೆಚ್ಚುವಂತೆ, ಅನಿಲದ ಪ್ರತಿಯೊಂದು ಹೊಸ ಅಣುವೂ ಈಗಾಗಲೇ ಮಾರ್ಪಟ್ಟ ಪದರವನ್ನೆಲ್ಲ ದಾಟಿಯೇ ತಾಜಾ ಸುಣ್ಣವನ್ನು ಮುಟ್ಟಬೇಕು. ಹಾಗಾಗಿ ಆಳವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮೊದಲ ಹತ್ತು ಮಿಲಿಮೀಟರಿಗೆ ಹತ್ತು ವರ್ಷ ಹಿಡಿದರೆ ಇಪ್ಪತ್ತು ಮಿಲಿಮೀಟರ್ ತಲುಪಲು ನಲವತ್ತು ವರ್ಷ ಬೇಕು, ಮೂವತ್ತಕ್ಕೆ ತೊಂಬತ್ತು. ಸರಳಿಗೂ ಅಚ್ಚಿನ ಹಲಗೆಗೂ ನಡುವೆ ಅಂತರ ಉಳಿಸುವ ಕವರ್ ಬ್ಲಾಕ್ ಇಟ್ಟು, ಸರಳಿನ ಮೇಲೆ ಐದು ಮಿಲಿಮೀಟರ್ ಹೆಚ್ಚು ಕಾಂಕ್ರೀಟ್ ಉಳಿಸಿದ ಕೆಲಸಗಾರ ಕಟ್ಟಡದ ಆಯುಷ್ಯಕ್ಕೆ ದಶಕಗಳನ್ನೇ ಸೇರಿಸಿರುತ್ತಾನೆ.

ಇದನ್ನು ಕಣ್ಣಾರೆ ನೋಡಲೂ ಸಾಧ್ಯವಿದೆ. ಕಾಲಮ್ಮಿನಿಂದ ಕೈಬೆರಳಷ್ಟೋ ಮುಷ್ಟಿಯಷ್ಟೋ ದಪ್ಪದ ಕೋರ್ ಎಂಬ ಕಾಂಕ್ರೀಟಿನ ಉರುಳೆಯನ್ನು ಕೊರೆದು ತೆಗೆದು, ಅದನ್ನು ಉದ್ದಕ್ಕೆ ಸೀಳಿ, ಹೊಸ ಮುಖದ ಮೇಲೆ ಫಿನಾಲ್ಫ್ಥಲೀನ್ ಸಿಂಪಡಿಸುತ್ತಾರೆ. ಪಿಯುಸಿ ಪ್ರಯೋಗಾಲಯದಲ್ಲಿ ಟೈಟ್ರೇಶನ್ ಮಾಡಿದವರಿಗೆಲ್ಲ ಗೊತ್ತಿರುವ ಅದೇ ದ್ರಾವಣ. ಕ್ಷಾರ ಉಳಿದಿರುವ ಒಳಭಾಗ ಕ್ಷಣಮಾತ್ರದಲ್ಲಿ ಗಾಢ ಗುಲಾಬಿಗೆ ತಿರುಗುತ್ತದೆ, ಹೊರಗಿನ ಪಟ್ಟಿ ಬೂದು ಬಣ್ಣದಲ್ಲೇ ಉಳಿಯುತ್ತದೆ. ಆ ಬೂದು ಪಟ್ಟಿಯ ಅಗಲವನ್ನು ಸ್ಕೇಲಿನಲ್ಲಿ ಅಳೆದು ಸರಳಿನ ಆಳದೊಂದಿಗೆ ಹೋಲಿಸಿದರೆ, ಐವತ್ತು ವರ್ಷವೆಂಬ ವದಂತಿ ಹೇಳಲಾಗದ್ದು ಗೊತ್ತಾಗುತ್ತದೆ. ಜೊತೆಗೆ ಕ್ಲೋರೈಡಿನ ಪರೀಕ್ಷೆಯೂ ಆಗಬೇಕು, ಏಕೆಂದರೆ ಕಾಂಕ್ರೀಟ್ ಬೇಗ ಗಟ್ಟಿಯಾಗಲೆಂದು ಒಂದು ಕಾಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಿದ್ದರು, ಮತ್ತು ಕಾಂಕ್ರೀಟಿನಲ್ಲಿ ಕ್ಷಾರ ಉಳಿದಿದ್ದರೂ ಕ್ಲೋರೈಡ್ ಸರಳಿನ ಪೊರೆಯನ್ನು ತೂತು ಮಾಡುತ್ತದೆ.

ಕಚೇರಿಯನ್ನು ಮನೆಯಾಗಿಸುವಾಗ ನಿಜವಾದ ಎಚ್ಚರಿಕೆ ಬೇಕಾಗುವುದು ಇಲ್ಲಿ. ಎಸಿಯ ಒಣ ಗಾಳಿಯಲ್ಲಿ ದಶಕಗಟ್ಟಲೆ ನಿಂತ ಒಳಭಾಗದ ಸ್ಲ್ಯಾಬುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸಾಕಷ್ಟು ಆಳಕ್ಕೆ ಇಳಿದಿದ್ದರೂ ತುಕ್ಕಿಗೆ ಬೇಕಾದ ತೇವವಿಲ್ಲದೆ ಉಕ್ಕು ಸುರಕ್ಷಿತವಾಗಿರುತ್ತದೆ. ಕಚೇರಿಯ ಶೌಚಾಲಯಗಳೆಲ್ಲ ಲಿಫ್ಟಿನ ಪಕ್ಕ ಒಂದೆಡೆ ಕೂಡಿರುತ್ತವೆ. ಮನೆಗಳಾದರೆ ಪ್ರತಿ ಮಹಡಿಯಲ್ಲೂ ಹತ್ತಾರು ಅಡುಗೆಮನೆ, ಬಚ್ಚಲುಮನೆಗಳು ಹರಡಿಕೊಳ್ಳುತ್ತವೆ. ಈ ತೇವ ಒಣ ಸ್ಲ್ಯಾಬಿಗೆ ಇಳಿದರೆ ಇಷ್ಟು ವರ್ಷ ಬಾರದ ತುಕ್ಕು ಬರಬಹುದು. ಆದ್ದರಿಂದ ವಾಟರ್‌ಪ್ರೂಫಿಂಗ್ ಅನ್ನು ಇಲ್ಲಿ ಕಟ್ಟಡದ ಅಸ್ಥಿಪಂಜರದ ರಕ್ಷಣೆಯೆಂದೇ ಎಣಿಸಬೇಕು. ಕೊಳವೆಗಳಿಗಾಗಿ ತೂತು ಕೊರೆಯುವಾಗಲೂ, ಒಳಗೆ ಬಿಗಿದೆಳೆದ ಉಕ್ಕಿನ ಹುರಿಗಳಿರುವ ಪೋಸ್ಟ್-ಟೆನ್ಶನ್ ಸ್ಲ್ಯಾಬಾದರೆ, ರೇಡಾರ್ ಹಿಡಿದು ಹುರಿ ಎಲ್ಲಿದೆಯೆಂದು ಗುರುತಿಸದೆ ಡ್ರಿಲ್ ಮುಟ್ಟಿಸುವಂತಿಲ್ಲ.

ಭಾರದ ವಿಷಯದಲ್ಲಿ ಅನುಕೂಲವೇ ಹೆಚ್ಚು. ಭಾರತೀಯ ಮಾನಕದಲ್ಲಿ ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರ ಹಿಡಿದರೆ ಕಚೇರಿಗೆ 250ರಿಂದ 400 ಕಿಲೋ ಹಿಡಿಯುತ್ತಾರೆ. ಬ್ರಿಟನ್ನಿನಲ್ಲಿ ಈ ಅಂಕಿಗಳು ಸುಮಾರು 150 ಮತ್ತು 250. ಕಡತಗಳ ಕಪಾಟುಗಳನ್ನು ಹೊತ್ತ ನೆಲಕ್ಕೆ ಮಂಚ, ಸೋಫಾಗಳು ಹೊರೆಯಾಗುವುದಿಲ್ಲ.

ಹಳೆಯ ಕಚೇರಿಗಳನ್ನು ಮನೆಯಾಗಿಸಲು ಮುಖ್ಯ ತೊಡಕು ಬೆಳಕು. ಕಿಟಕಿಯ ಮೇಲಂಚು ಎಷ್ಟು ಎತ್ತರದಲ್ಲಿದೆಯೋ ಅದರ ಸುಮಾರು ಎರಡು ಪಟ್ಟು ದೂರದವರೆಗಷ್ಟೇ ಹಗಲಿನ ಬೆಳಕು ಉಪಯುಕ್ತವಾಗಿ ಒಳಬರುತ್ತದೆ. ಮೂರು ಮೀಟರಿನ ಕಿಟಕಿಗೆ ಆರು ಮೀಟರು. 1938ರಲ್ಲಿ ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂದು, ಎಸಿ ಎಲ್ಲೆಡೆ ಹರಡಿದ ಮೇಲೆ ಕಚೇರಿಗಳು ಕಿಟಕಿಯ ಹಂಗು ತೊರೆದು ಅಡ್ಡಡ್ಡ ಬೆಳೆದವು, ಮತ್ತು ಈ ಕಾರಣದಿಂದಲೇ 1970ರ ದಶಕದ ಕಟ್ಟಡಕ್ಕಿಂತ 1920ರ ದಶಕದ ಕಟ್ಟಡವನ್ನು ಮನೆಯಾಗಿಸುವುದು ಎಷ್ಟೋ ಸಲ ಸುಲಭ. ನ್ಯೂಯಾರ್ಕಿನ ವಾಟರ್ ಸ್ಟ್ರೀಟಿನ 160ನೇ ಸಂಖ್ಯೆಯ, 1972ರ ಕಚೇರಿ ಗೋಪುರದಲ್ಲಿ ಕತ್ತಲೆಯ ನಡುಭಾಗವನ್ನು ಮಹಡಿ ಮಹಡಿಯಾಗಿ ಕೊಯ್ದು ತೆಗೆದು, ಅಲ್ಲಿ ಕಳೆದುಕೊಂಡ ವಿಸ್ತೀರ್ಣವನ್ನು ನೆತ್ತಿಯ ಮೇಲೆ ಹೊಸ ಮಹಡಿಗಳಾಗಿ ಸೇರಿಸಿ 588 ಮನೆಗಳನ್ನು ಮಾಡಿದ್ದಾರೆ.

ಲಂಡನ್ನಿನ ಸೆಂಟರ್ ಪಾಯಿಂಟಿಗೆ ಅಂಥ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. 1966ರಲ್ಲಿ ಮುಗಿದ ಈ ಕಾಂಕ್ರೀಟ್ ಗೋಪುರ ತೆಳ್ಳಗಿದೆ. ಕಟ್ಟಿದ ಮೇಲೆ ವರ್ಷಗಟ್ಟಲೆ ಬಾಡಿಗೆದಾರರಿಲ್ಲದೆ ಖಾಲಿ ಉಳಿದು, 1974ರ ಜನವರಿಯಲ್ಲಿ ವಸತಿ ಹೋರಾಟಗಾರರು ಒಳನುಗ್ಗಿ ಕುಳಿತ ಕಟ್ಟಡವಿದು. 2018ರ ಹೊತ್ತಿಗೆ ಅದರಲ್ಲಿ 82 ಮನೆಗಳಾದವು. ಅವು ಶ್ರೀಮಂತರಿಗೆ ಮಾತ್ರ ಎಟಕುವ ಮನೆಗಳು, ಅರ್ಧದಷ್ಟು ಮಾರಾಟವಾಗದೆ ಉಳಿದವು ಎಂಬುದು ನನಗೆ ನೋವಿನ ಸಂಗತಿ. ಅದಕ್ಕೆ ವಿರುದ್ಧ ದಿಕ್ಕಿನ ಅನ್ಯಾಯವೂ ಇಂಗ್ಲೆಂಡಿನಲ್ಲೇ ನಡೆದಿದೆ. ಪೂರ್ಣ ಯೋಜನಾ ಅನುಮತಿಯಿಲ್ಲದೆ ಕಚೇರಿಯನ್ನು ಮನೆಯಾಗಿಸಬಹುದೆಂದು 2013ರಲ್ಲಿ ನಿಯಮ ಸಡಿಲವಾದೊಡನೆ ಇಕ್ಕಟ್ಟಾದ, ಬೆಳಕು ಸಾಲದ ಕೋಣೆಗಳು ಹುಟ್ಟಿಕೊಂಡವು. ವಾಸದ ಕೋಣೆಗೆ ಸಾಕಷ್ಟು ಹಗಲು ಬೆಳಕಿರಬೇಕೆಂಬ ಷರತ್ತು 2020ರಲ್ಲಿಯೂ, ಕನಿಷ್ಠ ವಿಸ್ತೀರ್ಣದ ಷರತ್ತು 2021ರಲ್ಲಿಯೂ ಬಂದವು.

ಇಷ್ಟೆಲ್ಲ ಪಾಡು ಏಕೆ, ಕೆಡವಿ ಹೊಸದು ಕಟ್ಟಿದರಾಗದೆ ಎಂದರೆ, ಸಿಮೆಂಟಿನ ಲೆಕ್ಕ ನೋಡಬೇಕು. ಸುಣ್ಣಕಲ್ಲನ್ನು ಗೂಡಿನಲ್ಲಿ ಕಾಸಿದಾಗ 100 ಕಿಲೋ ಕಲ್ಲಿನಿಂದ 56 ಕಿಲೋ ಸುಣ್ಣವೂ 44 ಕಿಲೋ ಇಂಗಾಲದ ಡೈಆಕ್ಸೈಡೂ ಹೊರಬರುತ್ತವೆ. ಗೂಡನ್ನು ಸೌರಶಕ್ತಿಯಿಂದಲೇ ಉರಿಸಿದರೂ ಈ 44 ತಪ್ಪದು, ಏಕೆಂದರೆ ಅದು ಕಲ್ಲಿನೊಳಗೇ ಇರುವ ಅನಿಲ. ಉರುವಲಿನ ಹೊಗೆಯೂ ಸೇರಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7–8ರಷ್ಟು ಸಿಮೆಂಟಿನದು. ನಿಂತಿರುವ ಕಟ್ಟಡದ ಪಾಲಿನ ಅನಿಲ ಎಂದೋ ಆಕಾಶ ಸೇರಿದೆ. ಕೆಡವಿದರೆ ಸಿಗುವ ಪುಡಿ ಹೆಚ್ಚಾಗಿ ರಸ್ತೆಯ ಅಡಿಪಾಯಕ್ಕೆ ಹೋಗುತ್ತದೆಯೇ ಹೊರತು ಮರಳಿ ಸಿಮೆಂಟಾಗುವುದಿಲ್ಲ, ಮತ್ತು ಹೊಸ ಕಟ್ಟಡಕ್ಕೆ ಅಷ್ಟೇ ಕಲ್ಲನ್ನು ಮತ್ತೆ ಸುಡಬೇಕು. ಲಂಡನ್ ನಗರದ 2021ರ ಯೋಜನೆಯು ದೊಡ್ಡ ಕಟ್ಟಡಗಳ ಪ್ರಸ್ತಾವಗಳಲ್ಲಿ, ಕೆಡವುವುದರಿಂದ ಹಿಡಿದು ಕಟ್ಟಡದ ಇಡೀ ಆಯುಷ್ಯದ ಇಂಗಾಲದ ಲೆಕ್ಕವನ್ನು ಅನುಮತಿಗೆ ಮುನ್ನವೇ ಒಪ್ಪಿಸಬೇಕೆಂದು ಕೇಳುತ್ತದೆ. ಫಿನಾಲ್ಫ್ಥಲೀನ್ ಸಿಂಪಡಿಸಿದ ಕೋರುಗಳ ವರದಿಯನ್ನೂ ಆ ಅರ್ಜಿಯೊಂದಿಗೇ ಕಡ್ಡಾಯವಾಗಿ ಕೇಳಬೇಕೆಂಬುದು ನನ್ನ ಒತ್ತಾಯ.