ಮರುಡಾಂಬರೀಕರಣ: ಬಿಸಿಲೂರಿನ ರಸ್ತೆಗೆ ಹೊಸ ಚರ್ಮ

ಕಳೆದ ಏಪ್ರಿಲ್‌ನಲ್ಲಿ ಅಮ್ಮ ಹಾಸನದಿಂದ ನಮ್ಮಲ್ಲಿಗೆ ಬಂದಿದ್ದರು. ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್ ಊರಿನಲ್ಲಿ. ಒಂದು ಬೆಳಿಗ್ಗೆ ಬಾಗಿಲ ಹಿಡಿಗೆ ಚೀಟಿ ನೇತುಹಾಕಿ ಹೋಗಿದ್ದರು. ಗುರುವಾರ ಆರು ಗಂಟೆಯೊಳಗೆ ಕಾರುಗಳನ್ನು ಬೀದಿಯಿಂದ ತೆಗೆಯಿರಿ, ರೀಸರ್ಫೇಸಿಂಗ್ ಕೆಲಸ ಇದೆ ಅಂತ. ಅಮ್ಮ ಕಿಟಕಿಯಿಂದ ರಸ್ತೆ ನೋಡಿದರು. "ಚೆನ್ನಾಗೇ ಇದೆಯಲ್ಲೋ, ಒಂದು ಗುಂಡಿ ಇಲ್ಲ. ಇದನ್ನ ಯಾಕೆ ಕೀಳ್ತಾರೆ? ದುಡ್ಡು ಜಾಸ್ತಿ ಆಗಿದ್ಯಾ ಇವರಿಗೆ?"

ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳಬೇಕಾದರೆ ಮೊದಲು ಆ ಪದವನ್ನು ಬಿಡಿಸಬೇಕು.

ರೀಸರ್ಫೇಸಿಂಗ್‌ಗೆ ನಮ್ಮ ಪೇಪರುಗಳಲ್ಲಿ ಬರುವ ಪದ ಮರುಡಾಂಬರೀಕರಣ. ಡಾಂಬರು ಅನ್ನೋ ಬೀದಿಯ ಪದಕ್ಕೆ ಹಿಂದೆ ಸಂಸ್ಕೃತದ ಬಾಲ ಅಂಟಿಸಿ, ಮುಂದೆ 'ಮರು' ಸೇರಿಸಿ ಮಾಡಿದ ಕಚೇರಿ ಪದ ಇದು. ಟೆಂಡರಿನಲ್ಲಿ ಸಿಗುತ್ತದೆ, ಬಾಯಲ್ಲಿ ಸಿಗುವುದಿಲ್ಲ. ಬಾಯಲ್ಲಿ ನಾವು 'ಟಾರ್ ಹಾಕ್ತಿದಾರೆ' ಅಂತೀವಿ, ಅಷ್ಟೆ. ಹೊಸ ರಸ್ತೆಗೂ ಅದೇ ಮಾತು, ಹಳೆಯದಕ್ಕೂ ಅದೇ ಮಾತು. ಆದರೆ ಇವೆರಡೂ ಬೇರೆ ಬೇರೆ ಕೆಲಸ. ರಸ್ತೆಯ ಬುಡ, ಅಂದರೆ ಕೆಳಗಿನ ಮಣ್ಣು ಮತ್ತು ಜಲ್ಲಿಯ ಹಾಸು, ಗಟ್ಟಿಯಾಗಿದ್ದು ಮೇಲಿನ ಪದರ ಮಾತ್ರ ಸವೆದಿದ್ದರೆ, ಆ ಪದರವನ್ನಷ್ಟೇ ಹೊಸದು ಮಾಡುವುದು ಮರುಡಾಂಬರೀಕರಣ. ಬುಡವೇ ಕುಸಿದಿದ್ದರೆ ಅಗೆದು ಹೊಸದಾಗಿ ಕಟ್ಟಬೇಕು. ಅದಕ್ಕೆ ಈ ಹೆಸರು ಸಲ್ಲುವುದಿಲ್ಲ.

ಇನ್ನೊಂದು ಗೊಂದಲ ಇಲ್ಲೇ ತೀರಿಸಿಬಿಡೋಣ. ಟಾರು ಅಂದರೆ ಕಲ್ಲಿದ್ದಲಿನಿಂದ ಬರುವ ಕಪ್ಪು ಎಣ್ಣೆ. ಈಗ ರಸ್ತೆಗೆ ಹಾಕುವುದು ಬಿಟುಮೆನ್. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲ್ಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಗಸಿಯಿಂದ ಮಾಡಿದ್ದು. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ತಯಾರಾಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಡಾಂಬರು ಅಂದರೆ ನಡೆಯುತ್ತದೆ. ನಾನೂ ಹಾಗೇ ಅನ್ನುತ್ತೇನೆ.

ರಸ್ತೆಯ ಮೇಲ್ಪದರದಲ್ಲಿ ಡಾಂಬರು ಬಹಳ ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ಜಲ್ಲಿ, ಮರಳು, ಕಲ್ಲಿನ ಪುಡಿ. ಡಾಂಬರು ಐದು ಪಾಲು ಮಾತ್ರ. ಕಡಲೆ ಚಿಕ್ಕಿಯಲ್ಲಿ ಬೆಲ್ಲದ ಪಾಕ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಪಾಕ ಎಳೆಯದಾಗಿದ್ದರೆ ಚಿಕ್ಕಿ ಬಾಗುತ್ತದೆ. ಪಾಕ ಬಲಿತರೆ ಪಟ್ಟಂತ ಮುರಿಯುತ್ತದೆ. ರಸ್ತೆಯೂ ಅಷ್ಟೇ. ಲಾರಿ ಹೋದಾಗ ಕೂದಲೆಳೆಯಷ್ಟು ಬಾಗಿ ಮತ್ತೆ ಮೇಲೇಳಬೇಕು. ಆ ಬಾಗುವ ಗುಣವೆಲ್ಲ ಡಾಂಬರಿನದು.

ಮರಳುಗಾಡಿನ ಬಿಸಿಲು ಈ ಪಾಕವನ್ನು ಬಲಿಸುತ್ತದೆ. ಡಾಂಬರಿನಲ್ಲಿ ತೆಳುವಾದ ಎಣ್ಣೆಯಂಥ ಅಂಶವೂ ಇದೆ, ಗಟ್ಟಿ ಅಂಶವೂ ಇದೆ. ಬಿಸಿಯಲ್ಲಿ ಗಾಳಿಯ ಆಮ್ಲಜನಕ ಎಣ್ಣೆ ಅಂಶದ ಜತೆ ಸೇರಿ, ನಿಧಾನವಾಗಿ ಅದನ್ನೂ ಗಟ್ಟಿ ಮಾಡುತ್ತದೆ. ಬಿಸಿ ಏರಿದಷ್ಟೂ ಈ ಕೆಲಸ ಬೇಗ. ಫೀನಿಕ್ಸ್‌ನಲ್ಲಿ ಬಿಸಿಲಿಗೆ ಬಿಡುವೇ ಇಲ್ಲ. 2023ರಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. 2024ರಲ್ಲಿ ಸತತ 113 ದಿನ 38 ಡಿಗ್ರಿ ಮುಟ್ಟಿತ್ತು. ಇವು ಗಾಳಿಯ ಲೆಕ್ಕ. ಗಾಳಿ 43 ಇದ್ದಾಗ ಕಪ್ಪು ರಸ್ತೆಯ ಮೈ 65-70 ಡಿಗ್ರಿ ಮುಟ್ಟುತ್ತದೆ. ಬಿದ್ದವರು ಬೇಗ ಏಳಲಾಗದೆ ರಸ್ತೆಯ ಮೇಲೇ ಉಳಿದು, ಚರ್ಮ ಸುಟ್ಟುಕೊಂಡು ಆಸ್ಪತ್ರೆ ಸೇರುವುದು ಇಲ್ಲಿ ಪ್ರತಿ ಬೇಸಿಗೆಯ ಸುದ್ದಿ.

ಹೀಗೆ ಬಲಿತ ರಸ್ತೆ ಮೊದಲು ಬಣ್ಣ ಬಿಡುತ್ತದೆ. ಕಪ್ಪು ಹೋಗಿ ಬೂದು ಆಗುತ್ತದೆ. ಅಮ್ಮನಿಗೆ 'ಚೆನ್ನಾಗಿದೆ' ಅನ್ನಿಸಿದ್ದು ಇಂಥ ಬೂದು ರಸ್ತೆ. ನಾನು ಅವರನ್ನು ಕೆಳಗೆ ಕರೆದುಕೊಂಡು ಹೋಗಿ ಚಪ್ಪಲಿಯ ತುದಿಯಿಂದ ಉಜ್ಜಲು ಹೇಳಿದೆ. ಕರಕರ ಅಂತ ಪುಡಿ ಜಲ್ಲಿ ಎದ್ದು ಬಂತು. ಅಂಚಿನಲ್ಲಿ, ನೀರು ಹರಿಯುವ ಕಡೆ, ಅಂಥದ್ದೇ ಪುಡಿ ಒಂದು ಸಣ್ಣ ಸಾಲಾಗಿ ಕೂತಿತ್ತು. ಪಾಕ ಕೈಬಿಟ್ಟ ಕಡಲೆ. ರಸ್ತೆಯ ಉದ್ದಗಲಕ್ಕೂ ದೊಡ್ಡ ದೊಡ್ಡ ಚೌಕಗಳಾಗಿ ಬಿರುಕು ಬಿಟ್ಟಿತ್ತು. ಕೆರೆ ಬತ್ತಿದಾಗ ತಳದ ಮಣ್ಣು ಒಡೆಯುತ್ತಲ್ಲ, ಹಾಗೆ. ಅದು ಲಾರಿ ಭಾರದ ಬಿರುಕಲ್ಲ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಆಟಕ್ಕೆ ಬಲಿತ ಡಾಂಬರು ಬಾಗಲಾರದೆ ಒಡೆದದ್ದು. ಮೊಸಳೆಯ ಬೆನ್ನಿನಂತೆ ಚಿಕ್ಕ ಚಿಕ್ಕ ಬಿಲ್ಲೆಗಳಾಗಿ ಒಡೆದಿದ್ದರೆ ಕತೆ ಬೇರೆ. ಅದು ಬುಡ ಹೋಗಿರುವ ಗುರುತು. ಅದರ ಮೇಲೆ ಎಷ್ಟು ಡಾಂಬರು ಹಾಕಿದರೂ ಬಿರುಕು ಮತ್ತೆ ಮೇಲೆ ಬರುತ್ತದೆ.

ನಮ್ಮ ಕಡೆ ರಸ್ತೆ ಸಾಯುವುದು ನೀರಿನಿಂದ. ಮಳೆ ನೀರು ಬಿರುಕಿನಲ್ಲಿಳಿದು ಬುಡ ಮೆತ್ತಗಾಗಿ, ಬಸ್ಸಿನ ಚಕ್ರ ಕೂತು ಗುಂಡಿ. ಹಾಗಾಗಿ ರಸ್ತೆ ಕೆಟ್ಟಿದೆ ಅನ್ನೋದಕ್ಕೆ ನಮಗಿರುವ ಒಂದೇ ಸಾಕ್ಷಿ ಗುಂಡಿ. ಫೀನಿಕ್ಸ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಏಳು ಇಂಚು ಚಿಲ್ಲರೆ. ಇಲ್ಲಿ ರಸ್ತೆ ನೆನೆದು ಸಾಯುವುದಕ್ಕಿಂತ ಜಾಸ್ತಿ ಒಣಗಿ ಸಾಯುತ್ತದೆ. ಒಣಗುವುದು ದೂರದಿಂದ ಕಾಣುವುದಿಲ್ಲ. ರಸ್ತೆ ತನ್ನ ಆಯುಷ್ಯದ ಮುಕ್ಕಾಲು ಭಾಗ ನಿಧಾನಕ್ಕೆ ಇಳಿಯುತ್ತದೆ, ಆಮೇಲೆ ಒಮ್ಮೆಗೇ ಜಾರುತ್ತದೆ ಅಂತ ರಸ್ತೆ ಎಂಜಿನಿಯರುಗಳು ಒಂದು ರೇಖೆ ಬರೆದು ತೋರಿಸುತ್ತಾರೆ. ಜಾರುವ ಮುಂಚೆ ಮಾಡಿದರೆ ಮೇಲ್ಪದರದ ಖರ್ಚು. ಜಾರಿದ ಮೇಲೆ ಬುಡದ ಖರ್ಚು, ಅದು ಎಷ್ಟೋ ಪಟ್ಟು. ಅಮ್ಮನ 'ದುಡ್ಡು ಜಾಸ್ತಿ ಆಗಿದ್ಯಾ'ಗೆ ಇದೇ ಉತ್ತರ.

ಗುರುವಾರ ಆರೂವರೆಗೆ ಯಂತ್ರ ಬಂತು. ಮಿಲ್ಲಿಂಗ್ ಯಂತ್ರ. ಹೊಟ್ಟೆಯ ಕೆಳಗೆ ದೊಡ್ಡ ಉರುಳೆ, ಉರುಳೆಯ ಮೈತುಂಬ ಗಟ್ಟಿ ಲೋಹದ ಹಲ್ಲು. ಉರುಳೆ ತಿರುಗುತ್ತಾ ರಸ್ತೆಯನ್ನು ತೆಂಗಿನಕಾಯಿ ತುರಿದ ಹಾಗೆ ತುರಿಯುತ್ತದೆ. ದೂಳು ಏಳದಂತೆ, ಹಲ್ಲು ಕಾಯದಂತೆ ನೀರು ಚಿಮುಕಿಸುತ್ತಿರುತ್ತದೆ. ತುರಿದದ್ದು ಬೆಲ್ಟಿನ ಮೇಲೆ ಹತ್ತಿ ಮುಂದಿನ ಲಾರಿಗೆ ಬೀಳುತ್ತದೆ. ಅದನ್ನು ಎಸೆಯುವುದಿಲ್ಲ. ಹೊಸ ಮಿಶ್ರಣಕ್ಕೆ ಒಂದು ಪಾಲು ವಾಪಸ್ ಸೇರಿಸುತ್ತಾರೆ. ನಮ್ಮ ಬೀದಿಯಲ್ಲಿ ಎರಡು ಇಂಚು ತುರಿದರು. ಉಳಿದ ಮೈ ಉತ್ತ ಹೊಲದಂತೆ ಗೀರು ಗೀರು. ಗೀರಿದ್ದರೆ ಒಳ್ಳೆಯದೇ, ಹೊಸ ಪದರ ಕಚ್ಚಿಕೊಳ್ಳುತ್ತದೆ.

ಈ ತುರಿಯುವ ಕೆಲಸದ ಬಗ್ಗೆ ನನಗೊಂದು ಹಳೇ ಸಂಕಟ ಇದೆ. ನಾನು ಚಿಕ್ಕವನಿದ್ದಾಗ ಹಾಸನದ ನಮ್ಮ ಮನೆ ಗೇಟಿಗೆ ಹತ್ತಲು ಮೂರು ಮೆಟ್ಟಿಲಿದ್ದವು. ಪ್ರತಿ ಸಲ ರಸ್ತೆಗೆ ಡಾಂಬರು ಹಾಕಿದಾಗಲೂ ಹಳೆಯದರ ಮೇಲೇ ಹಾಕಿದರು. ಈಗ ಮೆಟ್ಟಿಲು ಒಂದೂ ಇಲ್ಲ. ಮಳೆ ಬಂದರೆ ರಸ್ತೆಯ ನೀರು ಗೇಟಿನೊಳಗೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಗೆಯದೆ ಹಾಕಿದರೂ ಕಡತದಲ್ಲಿ ಅದು ಮರುಡಾಂಬರೀಕರಣವೇ. ಹಾಗಾಗಿ ಅಮ್ಮ ಆ ದಿನ ಯಂತ್ರ ನೋಡಲಿಲ್ಲ, ಫುಟ್‌ಪಾತಿನ ಅಂಚು ನೋಡಿದರು. ಕೆಲಸಕ್ಕೆ ಮುಂಚೆ ಗೇಣು ಹಾಕಿ ಅಳೆದಿದ್ದರು: ಒಂದು ಗೇಣಿಗೆ ನಾಲ್ಕು ಬೆರಳು ಕಮ್ಮಿ. ಎಲ್ಲ ಮುಗಿದ ಮೇಲೆ ಮತ್ತೆ ಅಳೆದರು. ನಾಲ್ಕು ಬೆರಳು ಕಮ್ಮಿಯೇ.

ತುರಿದ ಮೈಯನ್ನು ಗುಡಿಸಿ, ಅದಕ್ಕೆ ಟ್ಯಾಕ್ ಕೋಟ್ ಚಿಮುಕಿಸುತ್ತಾರೆ. ನೀರಿನಲ್ಲಿ ಕಲಸಿದ ಡಾಂಬರು ಅದು. ಬೀಳುವಾಗ ಕಾಫಿ ಬಣ್ಣ. ನೀರು ಬಿಟ್ಟುಕೊಟ್ಟಾಗ ಕಪ್ಪಾಗುತ್ತದೆ. ಕಪ್ಪಾದ ಮೇಲೆಯೇ ಮುಂದಿನ ಕೆಲಸ. ಹಳೆಯ ಪದರಕ್ಕೂ ಹೊಸದಕ್ಕೂ ನಡುವೆ ಇದೇ ಅಂಟು. ಇಲ್ಲಿ ಕೈಬಿಗಿ ಮಾಡಿದರೆ ಹೊಸ ಪದರ ಚಕ್ಕೆಯಾಗಿ ಏಳುತ್ತದೆ.

ಆಮೇಲೆ ಪೇವರ್ ಬಂದು, ಸುಮಾರು 150 ಡಿಗ್ರಿ ಬಿಸಿಯ ಮಿಶ್ರಣವನ್ನು ದೋಸೆ ಹಿಟ್ಟಿನಂತೆ ಸಮಕ್ಕೆ ಹರವುತ್ತದೆ. ಹಿಂದೆಯೇ ರೋಡ್ ರೋಲರ್. ಚಳಿಯೂರಲ್ಲಿ ಮಿಶ್ರಣ ತಣ್ಣಗಾಗುವುದರೊಳಗೆ ರೋಲರ್ ಓಡಿಸುವ ಅವಸರ. ಸುಮಾರು 80 ಡಿಗ್ರಿಗೆ ಇಳಿದರೆ ಅದು ಒತ್ತಿದರೂ ಒತ್ತಿಸಿಕೊಳ್ಳುವುದಿಲ್ಲ. ಫೀನಿಕ್ಸ್ ಬೇಸಿಗೆಯಲ್ಲಿ ಇದರ ಉಲ್ಟಾ. ಒತ್ತಲು ಬೇಕಾದಷ್ಟು ಹೊತ್ತು ಸಿಗುತ್ತದೆ, ಆದರೆ ರಸ್ತೆ ತಣಿಯುವುದೇ ಇಲ್ಲ. ತಣಿಯುವ ಮುಂಚೆ ವಾಹನ ಬಿಟ್ಟರೆ ಚಕ್ರದ ಜಾಡು ಬೀಳುತ್ತದೆ. ದೊಡ್ಡ ರಸ್ತೆಗಳ ಕೆಲಸವನ್ನು ರಾತ್ರಿ ಇಟ್ಟುಕೊಳ್ಳಲು ಇದೂ ಒಂದು ಕಾರಣ. ಇನ್ನೊಂದು ಕಾರಣ ಆ ಕೆಲಸಗಾರರು. ಮೇಲಿನಿಂದ 43, ಕಾಲ ಕೆಳಗಿಂದ 150.

ಡಾಂಬರಿನಲ್ಲೂ ಊರಿಗೆ ತಕ್ಕ ಜಾತಿ ಇದೆ. ಫೀನಿಕ್ಸ್ ಸುತ್ತಮುತ್ತ ಸಾಮಾನ್ಯವಾಗಿ ಬಳಸುವುದು ಪಿಜಿ 70-10. ಮೊದಲ ಅಂಕಿ, ರಸ್ತೆ 70 ಡಿಗ್ರಿಗೆ ಕಾದರೂ ಹರಿದುಹೋಗದು ಅಂತ. ಎರಡನೆಯದು, ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೂ ಒಡೆಯದು ಅಂತ. ಮಧ್ಯದ ಗೆರೆಯನ್ನು ಮೈನಸ್ ಅಂತ ಓದಬೇಕು. ಭಾರತದಲ್ಲಿ ಅಳೆಯುವ ಬಗೆ ಬೇರೆ. ಅಲ್ಲಿ ವಿಜಿ-30, ವಿಜಿ-40 ಅಂತ, ಡಾಂಬರು ಎಷ್ಟು ಮಂದ ಅನ್ನೋದರ ಮೇಲೆ. ಬಿಸಿಲಿಗೂ ಲಾರಿ ಭಾರಕ್ಕೂ ತಡೆಯಲಿ ಅಂತ ವಿಜಿ-40. ಎಲ್ಲಿಯದಾದರೂ ಇಕ್ಕಟ್ಟು ಒಂದೇ. ಮಂದ ಮಾಡಿದರೆ ಬೇಸಿಗೆಯಲ್ಲಿ ಬಸ್‌ಸ್ಟಾಪಿನ ಮುಂದೆ ಜಾಡು ಬೀಳುವುದು ತಪ್ಪುತ್ತದೆ, ಆದರೆ ಬೇಗ ಬಿರುಕು ಬಿಡುತ್ತದೆ. ಮೆತ್ತಗೆ ಮಾಡಿದರೆ ಬಿರುಕು ತಪ್ಪಿ ಜಾಡು.

ಈ ಇಕ್ಕಟ್ಟಿಗೆ ಫೀನಿಕ್ಸ್‌ನಲ್ಲೇ ಒಬ್ಬರು ಒಂದು ದಾರಿ ಹುಡುಕಿದರು. 1960ರ ದಶಕದಲ್ಲಿ ಚಾರ್ಲ್ಸ್ ಮೆಕ್‌ಡೊನಾಲ್ಡ್ ಅನ್ನುವ ನಗರ ಎಂಜಿನಿಯರ್ ಹಳೇ ಟೈರಿನ ಪುಡಿಯನ್ನು ಬಿಸಿ ಡಾಂಬರಿಗೆ ಹಾಕಿ ಕಲಸಿ ನೋಡಿದರು. ಮೊದಲು ತೇಪೆ ಹಾಕಲು ಬಳಸಿದರು. ರಬ್ಬರು ಡಾಂಬರಿನ ಎಣ್ಣೆ ಕುಡಿದು ಉಬ್ಬಿ, ಇಡೀ ಮಿಶ್ರಣಕ್ಕೇ ರಬ್ಬರಿನ ಗುಣ ಬಂತು. ಬಿಸಿಗೆ ಬೇಗ ಜಾರುವುದಿಲ್ಲ, ತಂಪಿಗೆ ಬೇಗ ಒಡೆಯುವುದಿಲ್ಲ. 2003ರಿಂದ ಫೀನಿಕ್ಸ್ ಸುತ್ತಿನ ಕಾಂಕ್ರೀಟ್ ಹೆದ್ದಾರಿಗಳಿಗೆ ಒಂದು ಇಂಚು ದಪ್ಪದ ರಬ್ಬರು ಡಾಂಬರು ಹಾಕಿದರು. ಅಲ್ಲಿ ಉದ್ದೇಶ ಬಿಸಿಲಲ್ಲ, ಚಕ್ರದ ಸದ್ದು ತಗ್ಗಿಸುವುದು. ಸದ್ದು ತಗ್ಗಿತು. ಆದರೆ ಅದೂ ಸವೆಯಿತು. ಈಚೆಗೆ ಹಲವು ಕಡೆ ಆ ಪದರ ತೆಗೆದು, ಕೆಳಗಿನ ಕಾಂಕ್ರೀಟನ್ನೇ ವಜ್ರದ ಬ್ಲೇಡಿನಿಂದ ಉಜ್ಜಿ ನಯಮಾಡಿ ಬಿಡುತ್ತಿದ್ದಾರೆ.

ಪ್ರತಿ ಸಲ ತುರಿದು ಹಾಕುವಷ್ಟು ದುಡ್ಡು ಯಾವ ಊರಿಗೂ ಇರುವುದಿಲ್ಲ. ಅದಕ್ಕೇ ನಡುವೆ ಸಣ್ಣ ಉಪಚಾರಗಳಿವೆ. ಬಿರುಕಿಗೆ ಬಿಸಿ ಡಾಂಬರು ತುಂಬುವುದು ಒಂದು. ಡಾಂಬರು ಚಿಮುಕಿಸಿ ಮೇಲೆ ಬೇಬಿ ಜಲ್ಲಿ ಉದುರಿಸಿ ಒತ್ತುವ ಚಿಪ್ ಸೀಲ್ ಇನ್ನೊಂದು. ನೀರು ಬೆರೆತ ಡಾಂಬರಿಗೆ ಕಲ್ಲಿನ ಪುಡಿ ಕಲಸಿ, ಕೆಲವೇ ಮಿಲಿಮೀಟರ್ ದಪ್ಪಕ್ಕೆ ಎಳೆಯುವುದು ಸ್ಲರ್ರಿ ಸೀಲ್. ಪಕ್ಕದ ಬೀದಿಯಲ್ಲಿ ಇದನ್ನು ನೋಡಿ ಅಮ್ಮ, "ಓ, ಸಗಣಿ ಸಾರಿಸ್ತಿದಾರೆ" ಅಂದರು. ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಸಿಕ್ಕಿಲ್ಲ. ಸಾರಿಸುವುದರಿಂದ ನೆಲ ಗಟ್ಟಿಯಾಗುವುದಿಲ್ಲ. ನೆಲದ ಮೈ ಏಳದಂತೆ ಹಿಡಿದುಕೊಳ್ಳುತ್ತದೆ. ಮತ್ತೆ ಮತ್ತೆ ಸಾರಿಸುತ್ತಿರಬೇಕು.

ಈಗ ಹೊಸದೊಂದು ಸೇರಿದೆ: ಕೂಲ್ ಪೇವ್‌ಮೆಂಟ್. ರಸ್ತೆ ಕಪ್ಪಗಿರುವುದರಿಂದ ತಾನೆ ಕಾಯುವುದು, ತಿಳಿ ಬೂದು ಬಣ್ಣ ಬಳಿದರೆ? ಫೀನಿಕ್ಸ್ 2020ರಲ್ಲಿ ಶುರುಮಾಡಿತು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಅಳೆದು ನೋಡಿದಾಗ ಮಧ್ಯಾಹ್ನ ರಸ್ತೆಯ ಮೈ ಕಪ್ಪು ರಸ್ತೆಗಿಂತ 6-7 ಡಿಗ್ರಿ ಸೆಲ್ಸಿಯಸ್ ಕಮ್ಮಿ ಇತ್ತು. ಖುಷಿಯ ಮಾತೇ. ಆದರೆ ರಸ್ತೆ ನುಂಗದ ಬಿಸಿಲು ಎಲ್ಲಿಗೆ ಹೋಗಬೇಕು? ವಾಪಸ್ ಮೇಲಕ್ಕೆ. ನಡುವೆ ನಿಂತವನಿಗೆ ಮಧ್ಯಾಹ್ನದಲ್ಲಿ ತಟ್ಟುವ ಝಳ ಸ್ವಲ್ಪ ಜಾಸ್ತಿಯೇ ಆಯಿತು ಅಂತಲೂ ಅದೇ ಅಧ್ಯಯನ ಹೇಳಿತು. ನನ್ನ ಕೇಳಿದರೆ, ಇದು ನಡೆಯುವವನ ತಂಪಿಗಿಂತ ರಸ್ತೆಯ ಆಯುಷ್ಯಕ್ಕೆ ಒಳ್ಳೆಯದು. ನಡೆಯುವವನಿಗೆ ಬೇಕಾದ್ದು ಮರ.

ನಮ್ಮ ಬೀದಿಗೆ ಬೂದು ಬಣ್ಣ ಬಂದಿಲ್ಲ, ಅಚ್ಚ ಕಪ್ಪು. ಹೊಸ ಡಾಂಬರು ಮೊದಲ ಬೇಸಿಗೆಯಲ್ಲಿ ಇನ್ನೂ ಎಳೆಯದು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಬೇಡಿ, ಟೈರು ರಸ್ತೆಯನ್ನು ತಿರುಚುತ್ತದೆ ಅಂತ ಚೀಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅಮ್ಮ ಅದನ್ನು ನನ್ನ ಕೈಲಿ ಓದಿಸಿ, ಎರಡು ಸಲ ನೆನಪಿಸಿ, ಮೇ ಕೊನೆಗೆ ಊರಿಗೆ ಹೊರಟರು. ಜೂನ್‌ನಲ್ಲಿ ಒಂದು ಮಧ್ಯಾಹ್ನ, ಪೋಸ್ಟ್ ಡಬ್ಬಿಯ ಮುಂದೆ, ಹಿಂದೆ ಬರುತ್ತಿದ್ದ ಕಾರಿಗೆ ದಾರಿ ಬಿಡುವ ಗಡಿಬಿಡಿಯಲ್ಲಿ ನಿಂತಲ್ಲೇ ತಿರುಗಿಸಿಬಿಟ್ಟೆ. ಅರ್ಧ ಚಂದ್ರದಂಥ ಗುರುತು, ಅಂಗೈ ಅಗಲ. ಇವತ್ತಿಗೂ ಇದೆ. ವಿಡಿಯೋ ಕಾಲಿನಲ್ಲಿ ಅಮ್ಮ ರಸ್ತೆ ತೋರಿಸು ಅಂದಾಗ ಫೋನನ್ನು ಆ ಕಡೆ ತಿರುಗಿಸುವುದಿಲ್ಲ.